ಹ್ಯಾಂಡ್‌ಬ್ರೇಕ್: ಕೇಬಲ್ ಬಿಗಿ ಮಾಡುವ ಮುಂಚೆ ಡ್ರಮ್ ಬಿಚ್ಚಿ ನೋಡಿ

ಮಾರುತಿ 800, ಹಳೆಯ ಆಲ್ಟೊ ಇಟ್ಟುಕೊಂಡಿರುವ ಸದಸ್ಯರ ಗಮನಕ್ಕೆ.

ಲಿವರ್ ಎಳೆಯುವಾಗ ‘ಟಿಕ್’ ಸದ್ದು ಎಣಿಸಿ. 5-6ಕ್ಕೆ ಗಾಡಿ ಹಿಡಿಯಬೇಕು. 9-10 ದಾಟಿದರೆ ಗ್ಯಾರೇಜಿನವರು ಸಾಮಾನ್ಯವಾಗಿ ಲಿವರ್ ಬುಡದ ಕೇಬಲ್ ನಟ್ ತಿರುಗಿಸಿ ಬಿಗಿಮಾಡಿ ಕಳಿಸಿಬಿಡುತ್ತಾರೆ. ಎರಡು ನಿಮಿಷದ ಕೆಲಸ, ಆದರೆ ತಪ್ಪು ಕೆಲಸ. ಹೆಚ್ಚಾಗಿ ಸವೆದಿರುವುದು ಹಿಂದಿನ ಚಕ್ರದ ಡ್ರಮ್ (ಚಕ್ರದ ಜೊತೆ ತಿರುಗುವ ಲೋಹದ ಬಟ್ಟಲು) ಒಳಗಿನ ಶೂ (ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಬ್ರೇಕ್ ತುಂಡು). ಕೇಬಲ್ ಎಳೆದುಕೊಂಡೇ ಇದ್ದರೆ ಶೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಡ್ರಮ್ ಉಜ್ಜಿ ಕಾಯುತ್ತದೆ, ಮೈಲೇಜೂ ಬೀಳುತ್ತದೆ.

ಸಮತಟ್ಟು ಜಾಗ, ಮುಂದಿನ ಚಕ್ರಗಳಿಗೆ ಕಲ್ಲು, ಗಾಡಿ ಫಸ್ಟ್ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಇಳಿಸಿರಲಿ. ಹಿಂಭಾಗ ಎತ್ತಿದ ಮೇಲೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಡ್ರಮ್ ಬರದಿದ್ದರೆ ಕೇಬಲ್ ನಟ್ ಸಡಿಲಿಸಿ ಪುಲ್ಲರ್ (ಡ್ರಮ್ ಎಳೆದು ತೆಗೆಯುವ ಸಾಧನ) ಹಾಕಿ. ಸುತ್ತಿಗೆಯಿಂದ ಅಂಚಿಗೆ ಬಡಿದರೆ ಒಡೆಯುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಲೈನಿಂಗ್‌ನಲ್ಲಿ (ಶೂ ಮೇಲಿನ ಸವೆಯುವ ಪದರ) ಶ್ವಾಸಕೋಶಕ್ಕೆ ಅಪಾಯದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೈನಿಂಗ್ 1 ಮಿ.ಮೀ. ಹತ್ತಿರ ಬಂದಿದ್ದರೆ ಎರಡೂ ಚಕ್ರದ ಶೂ ಒಟ್ಟಿಗೇ ಬದಲಿಸಿ. ಶೂ ಎಣ್ಣೆಯಲ್ಲಿ ನೆನೆದಿದ್ದರೆ ಮೊದಲು ವೀಲ್ ಸಿಲಿಂಡರ್ (ಬ್ರೇಕ್ ಎಣ್ಣೆಯ ಒತ್ತಡದಿಂದ ಶೂ ತಳ್ಳುವ ಭಾಗ) ಸೋರಿಕೆ ನಿಲ್ಲಿಸಿ; ನೆನೆದ ಶೂವನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವುದು ದಂಡ.

ಕೇಬಲ್ಲನ್ನು ಕೈಯಲ್ಲಿ ಎಳೆದು ಬಿಡಿ. ಸರಕ್ಕನೆ ವಾಪಸ್ ಹೋಗಬೇಕು. ತಡವರಿಸಿದರೆ ಹೆಚ್ಚಾಗಿ ಹೊರಕವಚ ಸೀಳಿಹೋಗಿ ಒಳಗೆ ತುಕ್ಕು ಹಿಡಿದಿರುತ್ತದೆ. ಎಣ್ಣೆ ಬಿಟ್ಟರೆ ನಾಲ್ಕು ದಿನ ಬಂದೀತು, ಹೊಸದೇ ಹಾಕಿಸಿ.

ಡ್ರಮ್ ಕೂರಿಸಿದ ಮೇಲೆ ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಶೂ ಸರಿಹೊಂದಿಸಿ. ಕೇಬಲ್ ನಟ್ ಬಿಗಿಮಾಡುವುದು ಕೊನೆಗೆ. ಲಿವರ್ ಇಳಿಸಿದಾಗ ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್ ಹಾಕಿ, ಚಕ್ರಕ್ಕೆ ಕಲ್ಲಿಡಿ. ಒದ್ದೆ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ.