ಸಚಿವರೇ, ಈ ಸಲವಾದರೂ ಜನವರಿಯೊಳಗೆ ಬೆಂಕಿ ಗೆರೆ ಸುಡಿಸಿ

ಮಾನ್ಯ ಅರಣ್ಯ ಸಚಿವರಿಗೆ, ಉಡುಪಿ ಜಿಲ್ಲೆಯ ಘಟ್ಟದ ಬುಡದಿಂದ ನಮಸ್ಕಾರ.

ಮಳೆ ಹೋಯಿತು. ಗುಡ್ಡೆಯ ಮುಳಿಹುಲ್ಲು ಆಗಲೇ ಬಣ್ಣ ತಿರುಗಿದೆ. ಇನ್ನು ಸ್ವಲ್ಪ ದಿನದಲ್ಲಿ ಪೂರ್ತಿ ಒಣಗುತ್ತದೆ, ಶಿವರಾತ್ರಿ ಹೊತ್ತಿಗೆ ಎಲ್ಲೋ ಒಂದು ಕಡೆ ಹತ್ತಿಕೊಳ್ಳುತ್ತದೆ, ನಿಮ್ಮ ಇಲಾಖೆಯವರು ಓಡಿ ಬರುತ್ತಾರೆ, ನಾವೂ ಓಡುತ್ತೇವೆ. ವರ್ಷಾ ವರ್ಷ ಇದೇ ಕಥೆ. ಅದಕ್ಕೇ ಈ ಸಲ ಬೆಂಕಿ ಬೀಳುವ ಮೊದಲೇ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಕಾಡಂಚಿನ ಬೆಂಕಿ ಗೆರೆಯನ್ನು, ಅಂದರೆ ಬೆಂಕಿ ದಾಟದ ಹಾಗೆ ಹುಲ್ಲು ತರಗೆಲೆ ಸವರಿ ಮೊದಲೇ ಸುಟ್ಟು ಖಾಲಿ ಮಾಡುವ ಪಟ್ಟಿಯನ್ನು, ನಿಮ್ಮವರು ಫೈರ್ ಲೈನ್ ಎನ್ನುತ್ತಾರಲ್ಲ ಅದನ್ನು, ಜನವರಿ 15ರೊಳಗೆ ಸವರಿ ಸುಡಿಸಿ. ಮಾರ್ಚಿನಲ್ಲಿ ಅಲ್ಲ. ಜನವರಿಯಲ್ಲಿ.

ಇದು ನನ್ನ ತಲೆಯಿಂದ ಬಂದ ಹೊಸ ಐಡಿಯಾ ಏನಲ್ಲ. ಬೆಂಕಿ ಗೆರೆ ನಿಮ್ಮ ಇಲಾಖೆಯ ಹಳೆಯ ಪದ್ಧತಿ. ಕೇಂದ್ರ ಪರಿಸರ ಸಚಿವಾಲಯದ 2018ರ ಕಾಡ್ಗಿಚ್ಚು ಕ್ರಿಯಾ ಯೋಜನೆಯನ್ನೂ ನೀವು ಓದಿಯೇ ಇರುತ್ತೀರಿ. ನಿಯಮ ನಾನು ಹೇಳಿಕೊಡಬೇಕಾಗಿಲ್ಲ.

ಕಳೆದ ಬೇಸಗೆಯಲ್ಲಿ ಆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ ಇಲಾಖೆಯೇ ನೆಟ್ಟ ಅಕೇಶಿಯಾ ಉಂಟು. ಅದರ ಎಲೆ ಬೇಗ ಕೊಳೆಯುವ ಜಾತಿಯಲ್ಲ, ನಡೆದರೆ ಕಾಲು ಹುಗಿಯುವಷ್ಟು ಬಿದ್ದಿರುತ್ತದೆ. ದೀಪಾವಳಿ ಮುಗಿದ ಕೂಡಲೇ ಕಚೇರಿಗೆ ಹೋಗಿ, ಗೆರೆ ಸುಡಿಸಿ ಎಂದು ಅರ್ಜಿ ಕೊಟ್ಟೆ. ಹಣ ಬಂದಿಲ್ಲ ಎಂದರು. ಹಾಗಾದರೆ ನಾವೇ ಸವರಿ ಸುಡುತ್ತೇವೆ, ನೀವು ಬಂದು ನಿಂತರೆ ಸಾಕು ಎಂದೆ. "ಬೇಡ ಮಾರಾಯ್ರೆ, ಕೇಸಾಗ್ತದೆ" ಎಂದರು ಗಾರ್ಡು. ಅವರದ್ದು ತಪ್ಪಲ್ಲ, ಕಾಯಿದೆ ಹಾಗೇ ಉಂಟು. ಪಾಪ, ಅಷ್ಟು ದೊಡ್ಡ ಕಾಡಿಗೆ ಅವರೊಬ್ಬರೇ.

ಫೆಬ್ರವರಿಯಲ್ಲಿ ಒಂದು ಜೀಪು ಬಂತು. ಅಬ್ಬ, ಕೊನೆಗೂ ಬಂದರಲ್ಲ ಎಂದುಕೊಂಡೆ. ಬಂದವರು ಒಂದು ತಗಡಿನ ಫಲಕ ಹುಗಿದರು. "ಇಲ್ಲಿ ಬೆಂಕಿ ರೇಖೆ ನಿರ್ಮಿಸಲಾಗಿದೆ." ಸೊಂಟದೆತ್ತರದ ಒಣಹುಲ್ಲಿನ ನಡುವೆ! ಫೋಟೊ ತೆಗೆದರು, ನಮ್ಮ ಅಂಗಳದಲ್ಲೇ ಮಜ್ಜಿಗೆ ಕುಡಿದರು, ಹೋದರು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ಮೇಲಿಂದ ಚಟಪಟ ಶಬ್ದ ಶುರುವಾಯಿತು. ಗಾಳಿ ಬೇರೆ. ಹಸಿ ಗೆಲ್ಲು ಕಡಿದುಕೊಂಡು ನೆರೆಕರೆಯವರೆಲ್ಲ ಓಡಿದೆವು, ಸರಿಯಾಗಿ ನಡೆಯಲಾರದ ನನ್ನ ದೊಡ್ಡಪ್ಪನೂ ಒಂದು ಕೊಡಪಾನ ನೀರು ಹಿಡಿದು ಬಂದರು. ಅಗ್ನಿಶಾಮಕದ ಗಾಡಿ ಬಂತು, ಆದರೆ ಆ ಗುಡ್ಡೆಗೆ ಗಾಡಿ ಹತ್ತುವುದಿಲ್ಲ, ಕೆಳಗೆ ರಸ್ತೆಯಲ್ಲೇ ನಿಂತಿತು. ಕತ್ತಲೆಯಾಗುವಾಗ ತೋಟದ ಮೇಲಿನ ಅಂಚಿನ ಸಸಿಗಳೆಲ್ಲ ಹೋಗಿದ್ದವು. ಸ್ಪ್ರಿಂಕ್ಲರ್ ಹೋಯಿತು, ಕಪ್ಪು ಪೈಪು ಕರಗಿ ಮುದ್ದೆಯಾಯಿತು, ಬೈಹುಲ್ಲಿನ ಕುತ್ರಿಯೂ ಉಳಿಯಲಿಲ್ಲ. ಬೇಸಗೆಯ ನಡುವೆ ನೀರು ಬಿಡುವ ಪೈಪು ಇಲ್ಲದಿದ್ದರೆ ಉಳಿದ ಮರಗಳ ಗತಿ ಏನಾಗುತ್ತದೆ ಎಂದು ಅಡಿಕೆ ಬೆಳೆಯುವವರಿಗೆ ಗೊತ್ತು. ಸೊಸೈಟಿಯಲ್ಲಿ ಮತ್ತೆ ಸಾಲ ಮಾಡಿದೆ.

ಆಮೇಲೆ ಕಚೇರಿಯಿಂದ ಕರೆ ಬಂತು. ಪರಿಹಾರಕ್ಕೆ ಅಂದುಕೊಂಡು ಹೋದರೆ, ವಿಚಾರಣೆ! ತೋಟದಲ್ಲಿ ಕಸ ಸುಟ್ಟಿದ್ದೀರಾ? ಬೀಡಿ ಸೇದುತ್ತೀರಾ? ಇಲ್ಲ ಸಾರ್, ಮನೆಯವಳು ಬೀಡಿ ಕಟ್ಟುತ್ತಾಳೆ ಅಷ್ಟೇ ಎಂದೆ. ಅವರಿಗೆ ನಗು ಬರಲಿಲ್ಲ. ನನ್ನ ನಷ್ಟ ಬರೆದುಕೊಳ್ಳಿ ಎಂದರೆ, ಪೈಪಿಗೆ ಇದರಲ್ಲಿ ಕಾಲಂ ಇಲ್ಲವಂತೆ. ಆದರೆ ಅದೇ ಹಾಳೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದು: "ಸರ್ಕಾರಿ ಸ್ವತ್ತಿನ ನಷ್ಟ – ಫಲಕ, ಒಂದು." ಆ ಫಲಕಕ್ಕೆ ಕಾಲಂ ಉಂಟು ಸಚಿವರೇ!

ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬರುತ್ತದೆ, ಇಲ್ಲಿ ಎಂತ ಕಾಡ್ಗಿಚ್ಚು ಎಂದು ಬೆಂಗಳೂರಿನಲ್ಲಿ ಕೂತವರಿಗೆ ಅನಿಸಬಹುದು. ಆ ಮಳೆಯಿಂದಲೇ ಹುಲ್ಲು ಆಳೆತ್ತರ ಬರುವುದು. ಡಿಸೆಂಬರಿನಿಂದ ಮಾರ್ಚಿನವರೆಗೆ ಹನಿ ಬೀಳುವುದೇ ಅಪರೂಪ. ಮೊದಲು ಮನೆಗಳ ಮಾಡಿಗೆ ಮುಳಿ ಹೊದೆಸುತ್ತಿದ್ದರು, ಹಾಗಾಗಿ ಗುಡ್ಡೆಯ ಹುಲ್ಲು ಕೊಯ್ದು ಖಾಲಿಯಾಗುತ್ತಿತ್ತು. ಕುಮ್ಕಿಯ, ಅಂದರೆ ತೋಟಕ್ಕೆ ತಾಗಿದ ಸರ್ಕಾರಿ ಜಾಗದ, ತರಗೆಲೆ ಗುಡಿಸಿ ಕೊಟ್ಟಿಗೆಗೆ ಹಾಕುತ್ತಿದ್ದರು, ಇಲ್ಲವೇ ಮಣ್ಣಿನ ಜೊತೆ ಸುಟ್ಟು ಗೊಬ್ಬರಕ್ಕೆ ಸುಡುಮಣ್ಣು ಮಾಡುತ್ತಿದ್ದರು. ಈಗ ಎಲ್ಲ ಆರ್‌ಸಿಸಿ ಮನೆ, ದನ ಸಾಕುವವರು ಬೆರಳೆಣಿಕೆ. ಹುಲ್ಲು, ದರಗು (ಒಣಗಿ ಬಿದ್ದ ಎಲೆ) ಎಲ್ಲ ಇದ್ದಲ್ಲೇ ಇರುತ್ತದೆ. ಕಡ್ಡಿ ಗೀರುವವನು ಒಬ್ಬ ಸಾಕು.

ಜನವರಿಯ ಬೆಳಗ್ಗೆ ಇಬ್ಬನಿ ಇರುವಾಗ, ಗಾಳಿಗೆ ಎದುರಾಗಿ, ಎರಡೂ ಕಡೆ ಜನ ನಿಲ್ಲಿಸಿ ಸುಟ್ಟರೆ ಬೆಂಕಿ ಕಾಲಿನ ಎತ್ತರ ಮೀರುವುದಿಲ್ಲ. ಅದೇ ಹುಲ್ಲು ಮಾರ್ಚಿನ ಮಧ್ಯಾಹ್ನ ತಲೆ ಮೇಲೆ ಉರಿಯುತ್ತದೆ. ಇಷ್ಟೇ ವಿಷಯ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲೇ ಬದುಕುವ ಸೋಲಿಗರು ಇದನ್ನೇ ತರಗು ಬೆಂಕಿ ಎನ್ನುತ್ತಿದ್ದರು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು, ಲಂಟಾನ ಎಂಬ ಕಳೆಪೊದೆ ವಿಪರೀತ ಹಬ್ಬಿತು, ತರಗು ಬೆಂಕಿ ನಿಲ್ಲಿಸಿದ್ದೇ ಕಾರಣ ಎಂದು ಸೋಲಿಗರು ಈಗಲೂ ಹೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಎರಡು ಲಕ್ಷ ಹೆಕ್ಟೇರ್ ಕಾಡನ್ನು ಸರ್ಕಾರವೇ ಸುಡಿಸುವ ಗುರಿ ಇಟ್ಟುಕೊಂಡಿದೆ. ಆಸ್ಟ್ರೇಲಿಯಾದ್ದೇ ಇನ್ನೊಂದು ರಾಜ್ಯ ವಿಕ್ಟೋರಿಯಾದಲ್ಲಿ 2009ರ ಬೆಂಕಿಗೆ 173 ಜನ ಸತ್ತರು, ಆಮೇಲೆ ವರ್ಷಕ್ಕೆ ಶೇ. 5ರಷ್ಟು ಸರ್ಕಾರಿ ಜಾಗ ಸುಡಬೇಕು ಎಂಬ ಲೆಕ್ಕ ತಂದರು, ಅದನ್ನೂ ಕೈಬಿಟ್ಟರು. ಲೆಕ್ಕ ತುಂಬಿಸಲು ದೂರದ ಕಾಡು ಸುಡುವುದಕ್ಕಿಂತ ಜನ ಇರುವ ಅಂಚು ಸುಡುವುದು ಮುಖ್ಯ, ಅಲ್ವಾ. ನಿಮ್ಮವರಿಗೆ ಎಕರೆಯ ಗುರಿ ಕೊಟ್ಟರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಎಕರೆಗೊಂದು ಫಲಕ ಬರುತ್ತದೆ.

ಪರಿಸರದ ಕೆಲಸ ಮಾಡುವ ಗೆಳೆಯರು ಈಗಲೇ ಸಿಟ್ಟಾಗಬೇಡಿ. ಕುದುರೆಮುಖದ ಶೋಲಾ ಕಾಡು ಸುಡಿ, ಸೋಮೇಶ್ವರದ ಹಸಿರು ಕಾಡು ಸುಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಮರಗಳ ತೊಗಟೆ ಬೆಂಕಿ ತಡೆಯುವುದಿಲ್ಲ, ಅಲ್ಲಿ ಕಡ್ಡಿ ಗೀರಲೇಬಾರದು. ನಾನು ಕೇಳುತ್ತಿರುವುದು ತೋಟ, ಮನೆ, ರಸ್ತೆಯ ಅಂಚಿನ ಹುಲ್ಲು ಮತ್ತು ಅಕೇಶಿಯಾ ದರಗು. ಬೆಂಕಿ ಅಲ್ಲೇ ನಿಂತರೆ ಒಳಗಿನ ಕಾಡೂ ಉಳಿಯುತ್ತದೆ.

2019ರಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯಿತು. 2023ರಲ್ಲಿ ಸಕಲೇಶಪುರ ಕಡೆ ಬೆಂಕಿ ಆರಿಸಲು ಹೋದ ನಿಮ್ಮದೇ ಇಲಾಖೆಯ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯದಿಂದ ತೀರಿಕೊಂಡರು. ಬೆಂಕಿ ಎಲ್ಲಿ ಬಿದ್ದಿದೆ ಎಂದು ಡೆಹ್ರಾಡೂನಿನಿಂದ ಉಪಗ್ರಹದ ಸಂದೇಶ ಬರುತ್ತದಂತೆ, ಒಳ್ಳೆಯದು. ನಮಗೆ ಆ ಸಂದೇಶ ಬೇಡ, ಹೊಗೆ ನೇರ ಅಡುಗೆಮನೆಗೇ ಬರುತ್ತದೆ. ಬೆಂಕಿ ಬಿದ್ದ ಮೇಲೆ ಇಷ್ಟೆಲ್ಲ ಮಾಡುವ ಸರ್ಕಾರಕ್ಕೆ, ಬೀಳುವ ಮೊದಲು ಕತ್ತಿ ಹಿಡಿಯುವ ಆಳುಗಳ ಕೂಲಿ ಭಾರವಾಗುವುದು ಹೇಗೆ?

ಹಾಗಾಗಿ ಮತ್ತೊಮ್ಮೆ ಕೇಳುತ್ತೇನೆ. ಗೆರೆ ಸವರುವ ಹಣ ಡಿಸೆಂಬರಿನಲ್ಲೇ ವಲಯ ಕಚೇರಿಗೆ ಬರಲಿ. ಯಾವ ದಿನ ಸುಡುತ್ತೀರಿ ಎಂದು ಪಂಚಾಯಿತಿಗೆ ಮೊದಲೇ ತಿಳಿಸಿ. ಗ್ರಾಮ ಅರಣ್ಯ ಸಮಿತಿಯವರನ್ನು ಕರೆಯಿರಿ, ನಾವೂ ಬರುತ್ತೇವೆ, ಕತ್ತಿ ಹಾರೆ ನಮ್ಮದೇ, ಕೂಲಿ ಕೊಡದಿದ್ದರೂ ಚಿಂತಿಲ್ಲ. ಆದರೆ ಇಲಾಖೆಯ ಸಮವಸ್ತ್ರದವರು ಒಬ್ಬರಾದರೂ ಮುಂದೆ ನಿಂತು ಸುಡಿಸಬೇಕು, ಇಲ್ಲದಿದ್ದರೆ ಮತ್ತೆ ನಮ್ಮ ಮೇಲೆಯೇ ಕೇಸು.

ಜನವರಿ 15ರೊಳಗೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬೇಡ, ಅಂಥದ್ದು ನನ್ನ ಹತ್ತಿರ ಉಂಟು. ಆದೇಶ ಯಾವ ತಾರೀಕಿಗೆ ಹೊರಡುತ್ತದೆ ಎಂದು ಹೇಳಿ, ಸಾಕು.

ಇಂತಿ,
ಕಾರ್ಕಳ ತಾಲೂಕಿನ ಒಬ್ಬ ಅಡಿಕೆ ಕೃಷಿಕ