ಕೆಲಸ ಸಿಕ್ಕ ಮೇಲೆ ಶುಲ್ಕ: ಒಪ್ಪಂದ ಯಾರ ಕೈಯಲ್ಲಿದೆ?

ಮಾನ್ಯ ಸಂಪಾದಕರೇ,

‘ಈಗ ಒಂದು ರೂಪಾಯಿಯೂ ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಟ್ಟರೆ ಸಾಕು’ ಎನ್ನುವ ಕೋಡಿಂಗ್ ಬೂಟ್‌ಕ್ಯಾಂಪ್‌ಗಳ, ಅಂದರೆ ಕೆಲವೇ ತಿಂಗಳಲ್ಲಿ ಸಾಫ್ಟ್‌ವೇರ್ ಕೆಲಸ ಕಲಿಸುವ ಖಾಸಗಿ ತರಬೇತಿ ಸಂಸ್ಥೆಗಳ, ಜಾಹೀರಾತುಗಳು ಮಂಡ್ಯ, ಮದ್ದೂರು, ಪಾಂಡವಪುರದ ಪದವೀಧರರ ಮೊಬೈಲ್‌ಗಳನ್ನೂ ತಲುಪಿವೆ. ಬಿ.ಎಸ್ಸಿ., ಬಿ.ಕಾಂ. ಮುಗಿಸಿ ಒಂದೆರಡು ವರ್ಷ ಮನೆಯಲ್ಲೇ ಉಳಿದವರಿಗೆ, ಅದರಲ್ಲೂ ಬೆಂಗಳೂರಿನಲ್ಲಿ ಬಾಡಿಗೆ ಕೊಠಡಿ ಹಿಡಿದು ಲಕ್ಷಗಟ್ಟಲೆ ಶುಲ್ಕ ಕಟ್ಟುವ ಶಕ್ತಿಯಿಲ್ಲದವರಿಗೆ, ಇದಕ್ಕಿಂತ ನ್ಯಾಯವಾದ ಏರ್ಪಾಡು ಬೇರೆ ಯಾವುದಿದೆ ಎನಿಸುವುದು ಸಹಜ. ಆದಾಯ ಹಂಚಿಕೆ ಒಪ್ಪಂದ ಎಂಬ ಈ ಪದ್ಧತಿಯನ್ನು ನಾನೂ ಪೂರ್ತಿ ತಳ್ಳಿಹಾಕುವವನಲ್ಲ. ಆದರೆ ಅದರ ನ್ಯಾಯವೆಲ್ಲ ನಿಂತಿರುವುದು ವಿದ್ಯಾರ್ಥಿಗೆ ಕೆಲಸ ಸಿಗದಿದ್ದರೆ ನಷ್ಟ ಕಲಿಸಿದವರಿಗೇ ತಟ್ಟಬೇಕು ಎಂಬ ಒಂದೇ ಷರತ್ತಿನ ಮೇಲೆ. ಆ ಷರತ್ತು ಜಾಹೀರಾತಿನಿಂದ ಒಪ್ಪಂದಪತ್ರಕ್ಕೆ ಬರುವಷ್ಟರಲ್ಲಿ ಉಳಿದಿರುತ್ತದೆಯೇ ಎಂದು ಪರೀಕ್ಷಿಸುವವರು ಯಾರೂ ಕಾಣುತ್ತಿಲ್ಲ.

ವಿಚಾರವೇನೂ ಹೊಸದಲ್ಲ. ವಿದ್ಯಾರ್ಥಿಯ ಓದಿಗೆ ಹಣ ಕೊಟ್ಟು, ಅವನ ಮುಂದಿನ ಗಳಿಕೆಯಲ್ಲಿ ಪಾಲು ಪಡೆಯಬಹುದೆಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1955ರಲ್ಲೇ ಬರೆದಿದ್ದರು. ಬೂಟ್‌ಕ್ಯಾಂಪ್‌ಗಳ ಲೋಕದಲ್ಲಿ ಅದಕ್ಕೆ ಹೆಸರು ತಂದದ್ದು ಅಮೆರಿಕದಲ್ಲಿ 2017ರಲ್ಲಿ ಆರಂಭವಾಗಿ, ಮುಂದೆ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿಕೊಂಡ ಲ್ಯಾಂಬ್ಡಾ ಸ್ಕೂಲ್. ವರ್ಷಕ್ಕೆ 50,000 ಡಾಲರ್‌ಗಿಂತ ಹೆಚ್ಚಿನ ಕೆಲಸ ಸಿಕ್ಕವರು 24 ತಿಂಗಳ ಕಾಲ ಸಂಬಳದ ಶೇ 17ರಷ್ಟನ್ನು, ಒಟ್ಟು 30,000 ಡಾಲರ್ ಮೀರದಂತೆ, ಕೊಡಬೇಕೆಂಬುದು ಅದರ ಕರಾರು. ‘ನಿಮಗೆ ಸಂಬಳ ಬಂದರೆ ಮಾತ್ರ ನಮಗೆ ಹಣ’ ಎಂದು ಹೇಳಿಕೊಳ್ಳುತ್ತಲೇ ಆ ಸಂಸ್ಥೆ ಅನೇಕ ಒಪ್ಪಂದಗಳನ್ನು ತಲಾ 7,000ದಿಂದ 10,000 ಡಾಲರ್‌ಗೆ ಹೂಡಿಕೆದಾರರಿಗೆ ಮಾರಿಕೊಂಡಿತ್ತು. ಶೇ 71ರಿಂದ 86ರಷ್ಟು ಮಂದಿಗೆ ಕೆಲಸ ಸಿಕ್ಕಿದೆಯೆಂದು ಜಾಹೀರಾತು ನೀಡುತ್ತಿದ್ದರೂ, ಅದರ ಒಳಲೆಕ್ಕ ಶೇ 50ರ ಆಸುಪಾಸಿನಲ್ಲಿತ್ತು, ಕೆಲವೊಮ್ಮೆ ಶೇ 30ಕ್ಕೂ ಇಳಿದಿತ್ತು. ಶೇ 100 ಎಂದು ಹೊಗಳಿಕೊಂಡ ಒಂದು ತಂಡದಲ್ಲಿ ಇದ್ದದ್ದು ಒಬ್ಬನೇ ವಿದ್ಯಾರ್ಥಿ. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ, ಈ ಒಪ್ಪಂದಗಳು ಸಾಲಗಳೇ ಎಂದು ಹೇಳಿ, ಬ್ಲೂಮ್‌ಟೆಕ್ ಇನ್ನು ಮುಂದೆ ಗ್ರಾಹಕ ಸಾಲ ನೀಡದಂತೆ ಶಾಶ್ವತವಾಗಿ ನಿಷೇಧಿಸಿತು. ಬ್ಲೂಮ್‌ಟೆಕ್‌ನ ಮುಖ್ಯಸ್ಥ ಆಸ್ಟಿನ್ ಆಲ್‌ರೆಡ್ ಅವರಿಗೆ ವಿದ್ಯಾರ್ಥಿ ಸಾಲದ ವ್ಯವಹಾರದಿಂದ ಹತ್ತು ವರ್ಷ ನಿರ್ಬಂಧ ಹಾಕಿತು.

ಒಪ್ಪಂದ ಮಾರಾಟವಾದ ದಿನವೇ ಸಂಸ್ಥೆಯ ಕೈಗೆ ಹಣ ಬಂದುಬಿಡುತ್ತದೆ. ಆಮೇಲೆ ವಿದ್ಯಾರ್ಥಿ ಕೆಲಸಕ್ಕೆ ಸೇರಿದರೇನು, ಬಿಟ್ಟರೇನು? ನಮ್ಮಲ್ಲಿ ಇದೇ ಕೆಲಸ ಬೇರೆ ದಾರಿಯಿಂದ ನಡೆಯುತ್ತದೆ. ‘ಪಾಲು’ ಎಂದು ಮಾತಾಡಿ, ಸಹಿಯ ಹೊತ್ತಿಗೆ ಆಧಾರ್ ಓ.ಟಿ.ಪಿ. ಪಡೆದು, ಬ್ಯಾಂಕೇತರ ಹಣಕಾಸು ಕಂಪನಿಯೊಂದರ ಸಾಲವನ್ನು ವಿದ್ಯಾರ್ಥಿಯ ಹೆಸರಿಗೆ, ಅವನಿಗೆ ಆದಾಯವಿಲ್ಲವಾದರೆ ತಂದೆಯ ಹೆಸರಿಗೆ, ಬರೆಸಿಕೊಳ್ಳಲಾಗುತ್ತದೆ. ಬ್ಯಾಂಕಿನಿಂದ ನಿವೃತ್ತನಾದವನೆಂಬ ಕಾರಣಕ್ಕೆ ಪರಿಚಯದವರು ಇಂಥ ಕಾಗದಗಳನ್ನು ನನ್ನ ಬಳಿ ತರುವುದುಂಟು. ಕಳೆದ ವರ್ಷ ನೋಡಿದ ಒಂದರಲ್ಲಿ ‘ಉದ್ಯೋಗ’ ಎಂದರೆ ‘ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಯಾವುದೇ ಗಳಿಕೆ’ ಎಂದಿತ್ತು. ಫುಲ್ ಸ್ಟ್ಯಾಕ್ ಎಂಬ ವೆಬ್ ಪ್ರೋಗ್ರಾಮಿಂಗ್ ಕಲಿತ ಆ ಹುಡುಗ ಸಾಫ್ಟ್‌ವೇರ್ ಕೆಲಸ ಸಿಗದೆ ಮೈಸೂರಿನ ಕಾಲ್ ಸೆಂಟರ್ ಒಂದರಲ್ಲಿ ರಾತ್ರಿ ಪಾಳಿಗೆ ಸೇರಿದ್ದ. ಸಂಸ್ಥೆಯ ಲೆಕ್ಕದಲ್ಲಿ ಅದೂ ಪ್ಲೇಸ್‌ಮೆಂಟ್. ಮುಂದಿನ ತಿಂಗಳಿನಿಂದಲೇ ಆಟೋ ಡೆಬಿಟ್, ಅಂದರೆ ಖಾತೆಯಿಂದ ತಾನಾಗಿಯೇ ಕಂತು ಕಡಿತ, ಶುರು. ಶೇಕಡಾವಾರು ಪಾಲನ್ನು ಸಹ ಕೈಗೆ ಬರುವ ಸಂಬಳದ ಮೇಲೆ ಹಾಕದೆ, ಪಿ.ಎಫ್., ಗ್ರಾಚ್ಯುಟಿ ಎಲ್ಲ ಸೇರಿದ ಸಿ.ಟಿ.ಸಿ. ಮೇಲೆ ಹಾಕಲಾಗಿತ್ತು. ಐದು ಲಕ್ಷದ ಪ್ಯಾಕೇಜಿಗೆ ಶೇ 15ರಂತೆ ಮೂರು ವರ್ಷ ಕೊಟ್ಟರೆ ಎರಡೂಕಾಲು ಲಕ್ಷವಾಗುತ್ತದೆಂಬ ಗುಣಾಕಾರವನ್ನು ಸಹಿ ಮಾಡಿಸಿಕೊಂಡವರು ಯಾರಿಗೂ ತೋರಿಸುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಸ್ಕೋರ್ ಕುಸಿಯುವುದಷ್ಟೇ ಅಲ್ಲ, ಪಾವತಿ ವ್ಯವಸ್ಥೆಗಳ ಕಾಯ್ದೆ 2007ರ ಸೆಕ್ಷನ್ 25ರ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಕ್ರಿಮಿನಲ್ ಮೊಕದ್ದಮೆಗೂ ದಾರಿಯಿದೆ. ಇದನ್ನು ಹೇಳಿದಾಗ ಆ ಹುಡುಗನ ತಂದೆ ಕೇಳಿದ್ದು, ‘ಸಾಲ ಅಂತ ಅವರು ಹೇಳಲೇ ಇಲ್ಲವಲ್ಲ’ ಎಂದು.

ಪ್ಲೇಸ್‌ಮೆಂಟ್ ಅಂಕಿಅಂಶದ ವಿಷಯವಂತೂ ಕಬ್ಬು ಬೆಳೆಯುವ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯ ಗೇಟಿನೊಳಗೆ ಕಾರ್ಖಾನೆಯದೇ ತೂಕದ ಯಂತ್ರವಿದ್ದಾಗ ರೈತ ಏನನ್ನು ಅನುಮಾನಿಸುತ್ತಾನೋ, ಬೂಟ್‌ಕ್ಯಾಂಪ್‌ನ ಶೇಕಡಾ 90ನ್ನೂ ಹಾಗೆಯೇ ಅನುಮಾನಿಸಬೇಕು. ಸೇರಿದವರಲ್ಲಿ ಶೇ 90ರೋ, ಮುಗಿಸಿದವರಲ್ಲೋ, ಅಥವಾ ಸಂಸ್ಥೆಯೇ ‘ಅರ್ಹ’ ಎಂದು ಗುರುತಿಸಿದವರಲ್ಲೋ? ನಡುವೆ ಬಿಟ್ಟವರನ್ನು ಲೆಕ್ಕದಿಂದ ಕಿತ್ತುಹಾಕಿದರೆ ಎಂಥ ಸಂಸ್ಥೆಯೂ ನೂರಕ್ಕೆ ನೂರು ತೋರಿಸಬಲ್ಲದು.

ಆದಾಯ ಹಂಚಿಕೆ ಒಪ್ಪಂದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ ನಿಜ. ಹಾಗೆಂದು ಅಧಿಕಾರಿಗಳ ಕೈ ಕಟ್ಟಿಲ್ಲ. ಬಡ ಕುಟುಂಬಗಳಿಗೆ ಉಚಿತ ಎಂದು ಹೇಳಿ ಆಟೋ ಡೆಬಿಟ್‌ಗೆ ಸಹಿ ಪಡೆಯಲಾಗುತ್ತಿದೆ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ಡಿಜಿಟಲ್ ಸಾಲ ಕೊಡುವವರು ಬಡ್ಡಿ ಮತ್ತು ಒಟ್ಟು ವೆಚ್ಚ ತಿಳಿಸುವ ಮುಖ್ಯಾಂಶ ಪತ್ರವನ್ನು ಮೊದಲೇ ನೀಡಬೇಕು, ದಂಡವಿಲ್ಲದೆ ಸಾಲದಿಂದ ಹಿಂದೆ ಸರಿಯಲು ಕಾಲಾವಕಾಶ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಉದ್ಯೋಗ ಭರವಸೆಯ ಸುಳ್ಳು ಜಾಹೀರಾತುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಸಂಸ್ಥೆಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಬೂಟ್‌ಕ್ಯಾಂಪ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ವಾದಿಸಲು ನನಗಂತೂ ಕಾರಣ ಕಾಣುವುದಿಲ್ಲ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಆದರೆ ಬೆಂಗಳೂರಿನಲ್ಲೋ ಬೇರೆ ರಾಜ್ಯದಲ್ಲೋ ಕುಳಿತ ಕಂಪನಿಯ ವಿರುದ್ಧ ದೂರಿಗೆ ಕಾಗದ ಹೊಂದಿಸುವಷ್ಟರಲ್ಲಿ ಇನ್ನಾರು ಕಂತುಗಳು ಖಾತೆಯಿಂದ ಹೋಗಿರುತ್ತವೆ.

ಹೀಗಾಗಿ ತಡೆ ಬೀಳಬೇಕಾದದ್ದು ಸಹಿಗೆ ಮೊದಲೇ. ರಾಜ್ಯದ ಕೌಶಲಾಭಿವೃದ್ಧಿ ಇಲಾಖೆ, ಕೆಲಸದ ಬಳಿಕ ಶುಲ್ಕ ಎನ್ನುವ ಪ್ರತಿ ಸಂಸ್ಥೆಯೂ ಒಪ್ಪಂದದ ಮೊದಲ ಪುಟದಲ್ಲೇ, ಕನ್ನಡದಲ್ಲಿ, ಹಣ ಕೊಡುತ್ತಿರುವವರು ಯಾರು, ಒಪ್ಪಂದವನ್ನು ಮತ್ತೊಬ್ಬರಿಗೆ ವರ್ಗಾಯಿಸಬಹುದೇ, ಕೆಲಸ ಸಿಗದಿದ್ದರೆ ಸಾಲ ತೀರಿಸುವವರು ಯಾರು ಎಂಬುದನ್ನು ಬರೆಯುವಂತೆ ಕಡ್ಡಾಯಗೊಳಿಸಲಿ. ಸೇರಿದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದ ಪ್ಲೇಸ್‌ಮೆಂಟ್ ವರದಿಯನ್ನು ಹೊರಗಿನ ಲೆಕ್ಕಪರಿಶೋಧಕರಿಂದ ಪಡೆಯಲಿ. ಅದಾಗುವವರೆಗೆ ಮಂಡ್ಯ ಮತ್ತು ಮೈಸೂರಿನ ಕಾಲೇಜುಗಳು ಅಂತಿಮ ವರ್ಷದ ತರಗತಿಗಳಲ್ಲಿ ಸೆಮಿನಾರ್ ನಡೆಸಲು ಈ ಸಂಸ್ಥೆಗಳಿಗೆ ಸಭಾಂಗಣ ಬಿಟ್ಟುಕೊಡುವ ಮೊದಲು, ಅವರ ಒಪ್ಪಂದದ ಖಾಲಿ ಪ್ರತಿಯೊಂದನ್ನು ಕೇಳಿ ಪಡೆದು ನೋಟಿಸ್ ಬೋರ್ಡಿಗೆ ಹಾಕಲಿ. ಕೊಡಲು ಒಪ್ಪದವರಿಗೆ ಸಭಾಂಗಣ ಬೇಡ.

— ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಡ್ಯ