ಒಂದೇ ಕೈಯಿಂದ ಉಡುಪು ಧರಿಸಲು ನೆರವಾಗುವ ಸಾಧನಗಳು: ವಿನ್ಯಾಸ ಕಳಿಸುವ ಮುನ್ನ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ವಿನ್ಯಾಸ ಹಂಚಿಕೊಳ್ಳುವವರು, ಬಟ್ಟೆಯನ್ನು ಅಲುಗದಂತೆ ಹಿಡಿಯುವ ಎರಡನೆಯ ಕೈಯ ಕೆಲಸವನ್ನು ತಮ್ಮ ಸಾಧನದಲ್ಲಿ ಯಾವ ಭಾಗ ಮಾಡುತ್ತದೆ ಎಂಬುದನ್ನು ಮೊದಲು ವಿವರಿಸಬೇಕೆಂದು ಕೋರುತ್ತೇವೆ. ಜಾಕೆಟ್ಟಿನ ಜಿಪ್ಪಿಗೆ ದೊಡ್ಡ ಉಂಗುರ ಹಾಕಿದರೆ ಎಳೆಯುವುದು ಸುಲಭವಾಗುತ್ತದೆಯಾದರೂ, ಕೆಳತುದಿಯಲ್ಲಿ ಎರಡು ಅಂಚುಗಳನ್ನು ಜೋಡಿಸುವ ನಿಜವಾದ ಕಷ್ಟ ಹಾಗೆಯೇ ಉಳಿಯುತ್ತದೆ. ಅಲ್ಲಿ ಅಯಸ್ಕಾಂತದ ಜೋಡಣೆ ಉಪಯುಕ್ತ. ಆದರೆ ಪೇಸ್‌ಮೇಕರ್ ಇರುವವರ ಎದೆಯ ಹತ್ತಿರ ಅದು ಬೇಡ.

ಗುಂಡಿ ಹಾಕುವ ಕೊಕ್ಕೆಯ ವಿನ್ಯಾಸಗಳು ಸಾಕಷ್ಟು ಬಂದಿವೆ. ಅಂಗಿಯ ಮುಂಭಾಗಕ್ಕೆ ಅದು ಸರಿಯೇ, ಆದರೆ ಕೆಲಸ ಮಾಡುವ ಕೈಯ ತೋಳಿನ ತುದಿಯಲ್ಲಿರುವ ಗುಂಡಿಯನ್ನು ಅದೇ ಕೈ ಹಾಕಲಾರದು. ಆ ಗುಂಡಿಯನ್ನು ಎಲಾಸ್ಟಿಕ್ ದಾರದಿಂದ ಹೊಲಿದರೆ ಬಿಚ್ಚದೆಯೇ ಕೈ ತೂರಿಸಬಹುದು. ಹೊಸ ಸಾಧನವೇ ಬೇಕಾಗದ ಇಂಥ ಪರಿಹಾರಗಳನ್ನೂ ದಯವಿಟ್ಟು ಕಳಿಸಿ. ವೆಲ್ಕ್ರೋ ಪಟ್ಟಿಯನ್ನು ಉಂಗುರದೊಳಗಿಂದ ತೂರಿಸಿ ಹಿಂದಕ್ಕೆ ಮಡಚುವಂತೆ ಮಾಡಿದರೆ ಒಂದೇ ಕೈಯಿಂದ ಬಿಗಿಮಾಡಬಹುದು.

ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಕೆಲವರಿಗೆ ದುರ್ಬಲಗೊಂಡ ಬದಿಯ ಸ್ಪರ್ಶಜ್ಞಾನವೂ ಕಡಿಮೆಯಾಗಿರುವುದರಿಂದ, ಸಾಧನದ ಚೂಪಾದ ಅಂಚು ಚರ್ಮವನ್ನು ಗೀರಿದರೂ ಅವರಿಗೆ ತಿಳಿಯದಿರಬಹುದು. ಅಂಗಿ ತೊಡುವಾಗ ದುರ್ಬಲ ತೋಳು ಮೊದಲು, ಕಳಚುವಾಗ ಅದೇ ಕೊನೆಗೆ ಎಂಬ ಕ್ರಮದಲ್ಲೇ ಪರೀಕ್ಷಿಸಿ. ನಮ್ಮದೇ ಒಂದು ಕೈಯನ್ನು ಕಟ್ಟಿಕೊಂಡು ಮಾಡುವ ಪರೀಕ್ಷೆ ಸಾಲದು, ಏಕೆಂದರೆ ನಮ್ಮ ಭುಜ, ಸೊಂಟಗಳ ಸಮತೋಲನ ಆಗಲೂ ಹಾಗೆಯೇ ಇರುತ್ತದೆ. ಬಳಸುವವರೇ ಪರೀಕ್ಷಿಸಿದ್ದರೆ, ಅವರು ಕುಳಿತಿದ್ದರೋ ನಿಂತಿದ್ದರೋ ಎಂಬುದನ್ನು ಚಿತ್ರದ ಜೊತೆಗೆ ಬರೆಯಿರಿ.